ಮೂಲ ಊರಿನ ಕಾಲಂ

ನನ್ನ ಅಕ್ಷರ ದುಂಡಗಿದೆ. ಇದು ಜಂಬದ ಮಾತಲ್ಲ, ನನಗೆ ಅಂಟಿಕೊಂಡ ಕಾಟ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಚರಂಡಿ ಕಟ್ಟಿಕೊಂಡರೆ, ಕರೆಂಟು ಕೈಕೊಟ್ಟರೆ, ನೂಲು ಸಿಗದೆ ಮಗ್ಗ ನಿಂತರೆ ಅರ್ಜಿ ಬರೆಯುವವನು ನಾನೇ. ಕುಣಿಮಗ್ಗದಿಂದ ಎದ್ದು, ಕಾಲಿನ ಜೋಮು ಬಿಡುವ ಮೊದಲೇ ಪೆನ್ನು ಹಿಡಿಯುವ ನನ್ನನ್ನು ಹೆಂಡತಿ 'ಅರ್ಜಿ ಮೇಷ್ಟ್ರು' ಎಂದು ಆಡಿಕೊಳ್ಳುತ್ತಾಳೆ.

ನಮ್ಮ ಬೀದಿಯ ಅರ್ಜಿಗೆ ಒಂದು ಪದ್ಧತಿಯಿದೆ. ಮೊದಲ ಪುಟದಲ್ಲಿ ಅಳಲು. ಆಮೇಲಿನ ಪುಟಗಳಿಗೆಲ್ಲ ಸ್ಕೇಲಿಟ್ಟು ಗೆರೆ ಎಳೆದು ಕಾಲಂ: ಹೆಸರು, ಕಸುಬು, ಮೂಲ ಊರು, ಸಹಿ. ಮೂಲ ಊರು ಯಾಕೆಂದರೆ ಇಲ್ಲಿನ ಮಗ್ಗದವರು ಒಂದೇ ಕಡೆಯವರಲ್ಲ. ಒಬ್ಬರ ತಾತ ತಮಿಳುನಾಡಿನ ಗಡಿ ದಾಟಿ ಬಂದವನು, ಇನ್ನೊಬ್ಬರದು ಮುಳ್ಳೂರು. ಹಿಂದೆಂದೋ ಮಗ್ಗದ ನೆರವಿಗೆ ಕೊಟ್ಟ ಅರ್ಜಿಯೊಂದು ಈ ಕಾಲಂ ಇಲ್ಲವೆಂದು ವಾಪಸ್ ಬಂದಿತ್ತಂತೆ. ಅಂದಿನಿಂದ ಬೀದಿ ದೀಪ ಕೇಳುವುದಕ್ಕೂ ನಾವು ಮೂಲ ಊರು ಬರೆಯುತ್ತೇವೆ. ನನ್ನಪ್ಪ ಬರೆಯುತ್ತಿದ್ದರು, ನಾನೂ ಬರೆದೆ.

ಆ ವರ್ಷ ಸರ್ಕಾರ ಒಂದು ಕಾನೂನಿನ ಕರಡು ಹೊರಡಿಸಿತ್ತು. ಹೊರದೇಶದಿಂದ ಬಂದು ಸರಿಯಾದ ಕಾಗದವಿಲ್ಲದೆ ಇರುವವರನ್ನು ಪತ್ತೆ ಮಾಡುವ ಕಾನೂನು. ಮನೆ ಬಾಡಿಗೆಗೆ ಕೊಟ್ಟವರು, ಕೆಲಸ ಕೊಟ್ಟವರು ಅಂಥವರ ವಿಷಯ ತಾವಾಗಿಯೇ ತಿಳಿಸಬೇಕು, ತಿಳಿಸದಿದ್ದರೆ ಅವರ ಮೇಲೂ ಕೇಸು. ಪೊಲೀಸರು ಯಾರನ್ನು ಬೇಕಾದರೂ ನಿಲ್ಲಿಸಿ ಕಾಗದ ಕೇಳಬಹುದು. ಆಕ್ಷೇಪಣೆ ಇದ್ದವರು ತಿಂಗಳೊಳಗೆ ಬರೆದು ಕೊಡಬಹುದು ಎಂದು ಪೇಪರಿನಲ್ಲಿ ಬಂದಾಗ ನಾನು ಮಗ್ಗದ ಮೇಲಿದ್ದೆ. ಓದಿದ ಮೇಲೆ ಆ ದಿನ ಒಂದು ಗೇಣೂ ನೇಯಲಾಗಲಿಲ್ಲ. ಎದ್ದೆ, ಟೀ ಕುಡಿದೆ, ಬೀದಿಯ ತುದಿಯವರೆಗೆ ಹೋಗಿ ಬಂದೆ, ಮತ್ತೆ ಟೀ ಕುಡಿದೆ.

ನನ್ನ ತಳಮಳಕ್ಕೆ ಕಾರಣವಾದ ಒಬ್ಬಳಿದ್ದಳು. ನಮ್ಮ ಬೀದಿಯ ಮಗ್ಗಗಳಿಗೆಲ್ಲ ಅಚ್ಚು ಕೆಚ್ಚುವ ಅಕ್ಕ. ಒಂದು ಹಾಸು, ಅಂದರೆ ಮಗ್ಗಕ್ಕೆ ಏರಿಸಿದ ಉದ್ದದ ಎಳೆಗಳು, ನೇಯ್ದು ಮುಗಿದಾಗ ಅದರ ಬಾಲವನ್ನು ಅಚ್ಚಿನ ಹಣಿಗೆಯಲ್ಲೇ ಉಳಿಸಿ, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೆ ಹೊಸೆದು ಸೇರಿಸಬೇಕು. ಅದೇ ಕೆಚ್ಚುವುದು. ನಾಲ್ಕು ಸಾವಿರ ಎಳೆಯಾದರೂ ಇರುತ್ತದೆ. ಬೆರಳಿಗೆ ಬೂದಿ ಹಚ್ಚಿಕೊಂಡು ಅಕ್ಕ ಕೂತರೆ ಎಳೆ ಕಣ್ಣಿಗೆ ಕಾಣುವ ಮೊದಲೇ ಸೇರಿ ಹೋಗಿರುತ್ತಿತ್ತು. ಅವಳು ಕೆಚ್ಚಿದ ಹಾಸಿನಲ್ಲಿ ಒಂದೆಳೆ ಬಿಚ್ಚಿಕೊಂಡಿದ್ದು ನಾನು ನೋಡಿಲ್ಲ. ಗಂಡ ನೇಕಾರನಾಗಿದ್ದ, ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿಲ್ಲ. ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಸ್ಟೌ, ಎರಡು ಕೊಡ ಅವಳ ಸಂಸಾರ.

ಅವಳ ತಮಿಳು ನಮ್ಮ ಬೀದಿಯ ತಮಿಳಿನ ಹಾಗಿರಲಿಲ್ಲ. ಒಮ್ಮೆ ನಮ್ಮಮ್ಮ, ಆಗಿನ್ನೂ ಬದುಕಿದ್ದರು, ನೂಲು ಬಿಡಿಸುತ್ತಾ ನಿಮ್ಮ ಊರು ಯಾವುದೆಂದು ಕೇಳಿದರು. ಕೆಚ್ಚುತ್ತಾ ಕೆಚ್ಚುತ್ತಾ, ತಲೆ ಎತ್ತದೆ, ಅಕ್ಕ ಎಲ್ಲ ಹೇಳಿಬಿಟ್ಟಳು. ಸಮುದ್ರದ ಆಚೆ ಶ್ರೀಲಂಕಾದಲ್ಲಿ ಹುಟ್ಟಿದ್ದು, ಅಲ್ಲಿ ಗಲಾಟೆಯಾದಾಗ ಕೈಗೂಸಾಗಿ ದೋಣಿಯಲ್ಲಿ ಬಂದಿದ್ದು, ತಮಿಳುನಾಡಿನ ಒಂದು ಕ್ಯಾಂಪಿನಲ್ಲಿ ಬೆಳೆದಿದ್ದು, ಅಲ್ಲಿಂದ ಕಾಗದಪತ್ರವೇನೂ ಇಲ್ಲದೆ, ಯಾರಿಗೂ ಹೇಳದೆ ಈ ನೇಕಾರನ ಜೊತೆ ಬಂದುಬಿಟ್ಟಿದ್ದು. ನಾನು ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಕೇಳಿಸಿಕೊಂಡೆ. ಅವಳು ಹೋದ ಮೇಲೆ ಅಮ್ಮ ನನ್ನ ಕಡೆ ತಿರುಗಿ, "ಈ ಮಾತು ಮಗ್ಗದ ಕುಣಿಯಿಂದ ಮ್ಯಾಕ್ ಬರ್ಕೂಡ್ದು ಕಣ್ಲಾ" ಅಂದರು. ಹೂಂ ಅಂದಿದ್ದೆ.

ಆಕ್ಷೇಪಣೆಯ ಮೊದಲ ಪುಟ ಬರೆದುಕೊಟ್ಟವರು ಯಳಂದೂರಿನ ಒಬ್ಬ ನಿವೃತ್ತ ಮೇಷ್ಟ್ರು. ಕಾನೂನಿನ ಮಾತು ನನಗೆ ಬಾರದು, ಅವರಿಗೆ ಬರುತ್ತದೆ. ಅವರು ಬರೆದಿದ್ದನ್ನು ನಾನು ನನ್ನ ದುಂಡಕ್ಷರದಲ್ಲಿ ಇಳಿಸಿದೆ. 'ಪಕ್ಕದ ಮನೆಯವರ ಮೇಲೆ ಪಕ್ಕದ ಮನೆಯವರನ್ನೇ ಕಾವಲಿಗೆ ಬಿಡುವ ಈ ಕಾನೂನು ನಮಗೆ ಬೇಡ' ಎಂಬ ಸಾಲನ್ನು ಬರೆದು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಹೆಮ್ಮೆಗೆ ಓದಿಕೊಂಡೆ ಎಂದೇ ಹೇಳಬೇಕು. ಉಳಿದ ಪುಟಗಳಿಗೆ ಸ್ಕೇಲಿಟ್ಟೆ. ಕಾಲಂ ಎಷ್ಟು, ಯಾವುದು ಎಂದು ನಾನು ಯೋಚಿಸಲೇ ಇಲ್ಲ. ಕೈ ತಾನಾಗಿಯೇ ನಾಲ್ಕು ಗೆರೆ ಎಳೆಯಿತು.

ಆಮೇಲೆ ಸಹಿಗಾಗಿ ತಿರುಗಾಟ. ಮಗ್ಗ ಬಟ್ಟೆ ಹೊದ್ದು ಮಲಗಿತು, ನಾನು ಬಸ್ಸಿನಲ್ಲಿ ನಿಂತೆ. ಶಾಗ್ಯದಲ್ಲಿ ಒಬ್ಬ ರೈತ, "ನಮ್ಗ್ಯಾಕ್ ಬೇಕು ಸಾ ಇದು, ನಾವೇನ್ ಪಾರಿನ್ನೋರಾ?" ಎಂದ. ಅವನ ಕಬ್ಬಿನ ಗದ್ದೆಗೆ ಕಡಿಯಲು ಬರುವವರು ಎಲ್ಲಿಯವರೆಂದು ಕೇಳಿದೆ. "ಕೊಡಿ ಇತ್ಲಾಗೆ" ಎಂದು ಪೆನ್ನು ಕಿತ್ತುಕೊಂಡ.

ಹನೂರು ದಾಟಿ ಒಡೆಯರಪಾಳ್ಯಕ್ಕೆ ಹೋದೆ. ಅಲ್ಲಿ ನೆಲೆಸಿರುವ ಟಿಬೆಟ್ ನಿರಾಶ್ರಿತರ ಪೈಕಿ ಒಬ್ಬ ಅಜ್ಜ ಮುಸುಕಿನ ಜೋಳ ಒಣಗಲು ಹರಡಿಕೊಂಡು ಕೂತಿದ್ದ. ನಮ್ಮ ಕಡೆಯ ಕನ್ನಡವನ್ನು ನನಗಿಂತ ಚೆನ್ನಾಗಿ ಆಡುತ್ತಾನೆ. ಅರ್ಜಿ ಪೂರ್ತಿ ಓದಿಸಿಕೊಂಡ. ಸಹಿ ಹಾಕಿದ. ಮೂಲ ಊರಿನ ಜಾಗದಲ್ಲಿ ಪೆನ್ನು ನಿಲ್ಲಿಸಿದ.

"ಇದ್ಯಾಕಪ್ಪ?"

"ಪದ್ಧತಿ ತಾತ. ಎಲ್ಲಾರೂ ಬರೀತಾರೆ."

"ನನ್ತಾವ ಕಾರ್ಡದೆ, ನಂಗೇನಿಲ್ಲ. ಆದ್ರೂ ಇದೊಂದು ಕಾಲಿ ಇರ್ಲಿ ಬುಡು," ಎಂದು ಹಾಳೆಗಳನ್ನು ಜೋಡಿಸಿ ಕೊಟ್ಟ. ತಮಗೆ ಸಹಾಯ ಮಾಡಲು ಬಂದವನ ಮೇಲೂ ಅನುಮಾನವೇ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು. ವಾಪಸ್ ಬರುವ ಬಸ್ಸಿನಲ್ಲಿ ಆ ಖಾಲಿ ಚೌಕ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡಿತು. ಖಾಲಿ ಬಿಟ್ಟ ಕಾಲಂ ಕಂಡರೆ ನನಗೆ ಆಗದು. ಹನೂರಿನಲ್ಲಿ ಬಸ್ ನಿಂತಾಗ ತೊಡೆಯ ಮೇಲಿಟ್ಟುಕೊಂಡು 'ಟಿಬೆಟ್' ಎಂದು ನಾನೇ ತುಂಬಿದೆ.

ಅಕ್ಕನ ಹತ್ತಿರ ಕೊನೆಗೆ ಹೋದೆ. ಅವಳಿಗೆ ಓದು ಬರದು. ಏನು ಎತ್ತ ಎಂದು ಹೇಳಿದೆ. ಬಾಗಿಲ ಹೊಸ್ತಿಲಲ್ಲಿ ಕೂತು ಹೆಬ್ಬೆಟ್ಟೊತ್ತಿದಳು. ಬೂದಿಯಲ್ಲಿ ಸವೆದ ಹೆಬ್ಬೆಟ್ಟು, ಗೆರೆಯೇ ಮೂಡಲಿಲ್ಲ. ಬರೀ ನೀಲಿ ಮಚ್ಚೆ.

"ನಿಮ್ಮ ಕೈಯಾಗೆ ಆಯ್ತದೆ ಅಣ್ಣ. ನೀವ್ ಬರುದ್ರೆ ಅವ್ರು ಓದ್ತಾರೆ," ಎಂದಳು.

ಆ ಸಂಜೆ ಮನೆಯಲ್ಲಿ ಕೂತು ಪುಟಗಳನ್ನು ಸರಿಮಾಡಿದೆ. ಯಾರ ಕಸುಬು ಬಿಟ್ಟುಹೋಗಿದೆ, ಯಾರ ಊರು ಬಿಟ್ಟುಹೋಗಿದೆ ಎಂದು ನೋಡಿ ನೋಡಿ ತುಂಬಿದೆ. ಅಕ್ಕನ ಹೆಸರಿನ ಮುಂದೆ 'ಅಚ್ಚು ಕೆಚ್ಚುವುದು' ಎಂದು ಬರೆದೆ. ಅದರ ಮುಂದಿನ ಚೌಕದಲ್ಲಿ ಏನು ಬರೆದೆನೆಂದು ಈಗ ಮತ್ತೆ ಬರೆಯಬೇಕೇ? ದೇಶದ ಹೆಸರು ಬರೆದೆ. ತುಂಬಿ ಬಂದ ಪುಟವನ್ನು ದೂರ ಹಿಡಿದು ನೋಡಿ ಖುಷಿಪಟ್ಟೆ. ಅಮ್ಮನ ಮಾತು ಒಮ್ಮೆಯೂ ನೆನಪಾಗಲಿಲ್ಲ.

ಮರುದಿನ ಕೊಟ್ಟೆ. ತಾಲೂಕು ಕಚೇರಿಯ ಮುಂದೆ ಜನ ಸೇರಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಆಕ್ಷೇಪಣೆ. ಗುಮಾಸ್ತರು ನನ್ನ ಪುಟಗಳನ್ನು ಮಗುಚಿ, "ಎಲ್ಲಾ ಇಂಗ್ ಬರ್ಕೊಟ್ರೆ ನಮ್ಗೂ ಸಲೀಸು ಸಾ," ಎಂದು ನನ್ನ ಜೆರಾಕ್ಸ್ ನಕಲಿನ ಮೇಲೆ ಸೀಲು ಒತ್ತಿದರು. ಅದೇ ಖುಷಿಯಲ್ಲಿ ಯಳಂದೂರಿನ ಬಸ್ ಹತ್ತಿದೆ, ಮೇಷ್ಟ್ರಿಗೆ ತೋರಿಸಲು.

ಮೇಷ್ಟ್ರು ಮೊದಲ ಪುಟ ನೋಡಿ ತಲೆದೂಗಿದರು. ಎರಡನೆಯದು ತಿರುವಿದರು. ಮೂರನೆಯದರಲ್ಲಿ ಕನ್ನಡಕ ತೆಗೆದರು.

"ಇದ್ನ ಕೊಟ್‌ಬುಟ್ರಾ?"

"ಸೀಲ್ ಬಿದ್ದದೆ ನೋಡಿ ಸಾ."

"ಅಲ್ಲಪ್ಪ, ಕಾನೂನು ಮಾಡಿ, ಪೊಲೀಸ್ ಬುಟ್ಟು, ಅವ್ರು ಮನೆಮನೆ ಉಡುಕ್ಬೇಕು ಅಂತಿದ್ರು. ಬ್ಯಾಡ ಅಂತ ಬರ್ದು, ಕೆಳ್ಗೆ ಪಟ್ಟೀನೂ ನೀವೇ ಮಾಡ್ಕೊಟ್ರಲ್ಲ."

ಅವರು ಬೆರಳಿಟ್ಟಿದ್ದು ಅಕ್ಕನ ಸಾಲಿನ ಮೇಲೆ. ಹೆಸರು, ಕಸುಬು, ದೇಶ, ಹೆಬ್ಬೆಟ್ಟಿನ ಮಚ್ಚೆ. ಬೀದಿಯ ವಿಳಾಸ ಮೇಲುಗಡೆಯೇ ಇತ್ತು, ದಪ್ಪಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು. ಮೇಷ್ಟ್ರ ಮನೆಯವರು ಕೊಟ್ಟ ಮಜ್ಜಿಗೆಯನ್ನು ಅಲ್ಲೇ ಇಟ್ಟು ಓಡಿದೆ.

ಆ ದಿನ ಯಳಂದೂರಿನಿಂದ ಕೊಳ್ಳೇಗಾಲ ಎಷ್ಟು ದೂರವಿತ್ತೆಂದರೆ, ಡ್ರೈವರ್ ಬೇಕೆಂದೇ ನಿಧಾನ ಹೋಗುತ್ತಿದ್ದಾನೆ ಎಂದು ಅವನ ಜೊತೆ ಜಗಳವಾಡಿದೆ. ಸೀಟಿದ್ದರೂ ಕೂರಲಿಲ್ಲ. ಕಚೇರಿಯಲ್ಲಿ ಅದೇ ಗುಮಾಸ್ತರು. ಒಂದು ತಪ್ಪಾಗಿದೆ, ವಾಪಸ್ ಕೊಡಿ, ತಿದ್ದಿಕೊಡುತ್ತೇನೆ ಎಂದೆ. ಅವರು ಪಾಪ ಒಳ್ಳೆಯವರು. ರಿಜಿಸ್ಟರ್ ತೆಗೆದು ತೋರಿಸಿದರು.

"ನಂಬರ್ ಬಿದ್ದದೆ ಸಾ, ಫೈಲು ಮ್ಯಾಲಕ್ ಓಗಾಯ್ತು. ತಪ್ಪೇನಿಲ್ಲ ಬುಡಿ, ಅಕ್ಷರ ಮುತ್ತಿನಂಗವೆ, ಒಂದೂ ಅಳಿಸ್ದಂಗಿಲ್ಲ."

ಮನೆಗೆ ಬಂದರೆ ಅಕ್ಕ ನನ್ನ ಮಗ್ಗದ ಮುಂದೆಯೇ ಕೂತಿದ್ದಳು. ನನ್ನ ಹಾಸು ತಿರುಗಾಟಕ್ಕೆ ಮೊದಲೇ ಮುಗಿದಿತ್ತು, ಹೊಸದನ್ನು ಕೆಚ್ಚಲು ಹೆಂಡತಿ ಕರೆಸಿದ್ದಳು. ಎಡಗಡೆಯಿಂದ ಶುರುಮಾಡಿ ಸುಮಾರು ಅರ್ಧಕ್ಕೆ ಬಂದಿದ್ದಳು. ನಾನು ಹೆಂಡತಿಯನ್ನು ಅಡುಗೆಮನೆಗೆ ಕರೆದು ವಿಷಯ ಹೇಳಿದೆ. ಹೇಳದೆ ಇದ್ದುಬಿಡಲೇ ಎಂದೂ ಕೇಳಿದೆ. ಆ ಪ್ರಶ್ನೆ ಕೇಳಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆ.

"ಬರೆಯಾಕ್ ಕೈ ಬಂತು, ಏಳಾಕ್ ಬಾಯ್ ಬರಲ್ವಾ?" ಎಂದಳು ಅವಳು. "ಓಗಿ."

ಹೋಗಿ ಅಕ್ಕನ ಪಕ್ಕ ಕೂತು ಹೇಳಿದೆ. ಅವಳ ಬೆರಳು ಒಂದೆರಡು ಎಳೆ ಹೊಸೆಯುತ್ತಲೇ ಇತ್ತು. ಆಮೇಲೆ ನಿಂತಿತು.

"ಎಲ್ಲದೆ ತೋರ್ಸಿ."

ನಕಲು ಬಿಡಿಸಿ ಸಾಲಿನ ಮೇಲೆ ಬೆರಳಿಟ್ಟೆ. ಓದು ಬರದವಳು ಆ ಮೂರಕ್ಷರವನ್ನು ಬಹಳ ಹೊತ್ತು ನೋಡಿದಳು. "ನಾ ಏಳಿರ್ನಿಲ್ವಲ್ಲ ಅಣ್ಣ ಇದ್ನ ಬರೀರಿ ಅಂತ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಕಾಲಿಗೆ ಬೀಳುವವನಂತೆ ಏನೇನೋ ಅಂದೆ. ಇನ್ನೂ ಕರಡು ಅಷ್ಟೇ, ಕಾನೂನಾಗಿಲ್ಲ, ಸಾವಿರಾರು ಪುಟದಲ್ಲಿ ಇದನ್ನು ಯಾರು ನೋಡುತ್ತಾರೆ ಎಂದೆಲ್ಲ. ಅವಳು ಕೇಳಿಸಿಕೊಂಡಳೋ ಇಲ್ಲವೋ.

ಕೆಚ್ಚಲು ಕೂತವರು ಹಾಸು ಮುಗಿಯುವ ತನಕ ಬೆರಳ ಬೂದಿ ತೊಳೆಯುವುದಿಲ್ಲ. ನಮ್ಮಲ್ಲಿ ಅದು ಹಿಂದಿನಿಂದ ಬಂದ ನಡೆ. ನೀರು ಕುಡಿದರೂ ಎಡಗೈಯಲ್ಲಿ, ಮಂಗಳವಾರ ಬಿಟ್ಟು ಎದ್ದರೆ ಬುಧವಾರ ಅದೇ ಬೂದಿಗೈಯಲ್ಲಿ ಬಂದು ಕೂರುತ್ತಾರೆ. ಅಕ್ಕ ಎದ್ದು ಹಿತ್ತಲಿಗೆ ಹೋದಳು. ತೊಟ್ಟಿಯಿಂದ ಒಂದು ಚೊಂಬು ನೀರು ತೆಗೆದು ಕೈ ತೊಳೆದಳು. ಹೆಂಡತಿ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. ಅವಳಿನ್ನು ಈ ಹಾಸಿಗೆ ಬಂದು ಕೂರುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಾಯಿತು.

ಬೆಳಿಗ್ಗೆ ಓಣಿಗೆ ಹೋದೆ. ಬೀಗ ಹಾಕಿತ್ತು. ಮನೆಯ ಮಾಲೀಕರು ಹೇಳಿದರು, "ಮಗಳ ಮನೆಗ್ ಓಯ್ತೀನಿ ಅಂತ ಕೀ ಕೊಟ್ ಓದ್ಲು." ಅವಳಿಗೆ ಮಕ್ಕಳಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಎರಡು ಕೊಡ ಹೊರಗೆ ಬೋರಲು ಹಾಕಿದ್ದಳು. ಹನೂರಿನ ಬಸ್ ನಿಲ್ದಾಣದಲ್ಲಿ ಕೇಳಿದೆ, ಗಡಿಯ ಕಡೆ ಹೋಗುವ ಕಂಡಕ್ಟರುಗಳನ್ನು ಕೇಳಿದೆ. ಒಡೆಯರಪಾಳ್ಯದ ಅಜ್ಜನ ಹತ್ತಿರವೂ ಹೋದೆ, ಯಾಕೆ ಹೋದೆನೋ. ಅವನ ಚೌಕವನ್ನೂ ನಾನೇ ತುಂಬಿದೆ ಎಂದು ಒಪ್ಪಿಕೊಂಡೆ. ಅವನು ಜೋಳ ಗೋರುವುದನ್ನು ನಿಲ್ಲಿಸದೆ, "ಪಕ್ಕದ ಮನೇಲಿ ಪೆನ್ನಿದ್ರೆ ಸಾಕು ಕಣಪ್ಪ, ಕಾಗ್ದ ಇಲ್ದೋರ್ಗೆ ನಿದ್ದೆ ಬರಲ್ಲ," ಎಂದ.

ಕೆಲವು ತಿಂಗಳು ಕಳೆದ ಮೇಲೆ ಕರಡನ್ನು ಕೈಬಿಟ್ಟರು. ಆಕ್ಷೇಪಣೆ ತುಂಬಾ ಬಂತಂತೆ. ಬೀದಿಯವರು ಮೈಸೂರುಪಾಕು ಹಿಡಿದುಕೊಂಡು ನನ್ನ ಮನೆಗೆ ಬಂದರು, ಅರ್ಜಿ ಮೇಷ್ಟ್ರಿಗೆ ಶಾಲು ಹೊದಿಸಬೇಕು ಎಂದರು. ನಾನು ಅವರ ಮೇಲೆ ಕೂಗಾಡಿಬಿಟ್ಟೆ. ಯಾಕೆಂದು ಅವರಿಗೆ ತಿಳಿಯಲಿಲ್ಲ. ಹೆಂಡತಿ ತಟ್ಟೆ ಇಸಿದುಕೊಂಡು ಸಮಾಧಾನ ಹೇಳಿ ಕಳಿಸಿದಳು.

ನನ್ನ ಹಾಸು ಹಾಗೇ ಇದೆ. ಎಡಕ್ಕೆ ಅರ್ಧ ಸೇರಿದೆ, ಬಲಕ್ಕೆ ಅರ್ಧ ನೇತಾಡುತ್ತಿದೆ. ಮೇಲೆ ಹಳೆಯ ಪಂಚೆ ಹೊದಿಸಿದ್ದೇನೆ. ಬೇರೆ ಕೆಚ್ಚುವವಳನ್ನು ಕರೆಸಿದೆವು. ಅವಳು ಮುಟ್ಟಿ ನೋಡಿ, "ಇದು ಅಕ್ಕನ ಕೈ, ನಾ ಮುಟ್ಟಲ್ಲ. ಕತ್ರಿಸಿ ಒಸ್ದಾಗಿ ಏರ್ಸಿ ಬೇಕಾದ್ರೆ," ಎಂದಳು. ಕತ್ತರಿ ತಂದಿಟ್ಟುಕೊಂಡು ಎರಡು ದಿನ ಕೂತೆ. ಆಗಲಿಲ್ಲ. ಈಗ ತಮ್ಮನ ಮಗ್ಗದಲ್ಲಿ ನೇಯುತ್ತೇನೆ.

ಮೊನ್ನೆ ಮಗ್ಗ ಎಣಿಸಲು ಒಬ್ಬರು ಬಂದಿದ್ದರು. ಈ ಮಗ್ಗ ಯಾಕೆ ನಿಂತಿದೆ ಎಂದರು. ಕೆಚ್ಚುವವರು ಬಂದಿಲ್ಲ ಎಂದೆ. ನನ್ನ ಅಕ್ಷರದ ಸುದ್ದಿ ಯಾರೋ ಹೇಳಿರಬೇಕು, ನೀವೇ ತುಂಬಿಬಿಡಿ ಎಂದು ಫಾರಂ ನನ್ನ ಮುಂದಿಟ್ಟರು. ಮಗ್ಗ, ಹಾಸು, ನೂಲು ಎಲ್ಲ ಬರೆದೆ. ಆಮೇಲೆ ಬಂದಿದ್ದು ಜೊತೆಗೆಲಸದವರ ಹೆಸರು, ಅದರ ಪಕ್ಕ ಮೂಲ ಊರು. ಪೆನ್ನು ಮುಚ್ಚಿ ವಾಪಸ್ ಕೊಟ್ಟೆ.

"ಎರಡು ಕಾಲಂ ಬಿಟ್ಟೋಗವೆ ಸಾ."

"ಕಾಲಿ ಇರ್ಲಿ ಬುಡಿ," ಎಂದೆ.