ಒಳಗಿನಿಂದ ಕಳಚುವ ಬಾಗಿಲು

ಊರ ಕೊನೆಯ ಆ ಕಲ್ಲಿನ ಕೋಣೆಯನ್ನು ಸೆರೆಮನೆ ಎಂದರೆ ನಿಜವಾದ ಸೆರೆಮನೆಗಳಿಗೆ ಬೇಜಾರಾದೀತು. ಕುಡಿದು ಕೂಗಾಡಿದವರು, ಬೇಲಿಗಾಗಿ ಬಡಿದಾಡಿಕೊಂಡವರು ಬುದ್ಧಿ ಬರುವವರೆಗೆ ಅಲ್ಲಿರುತ್ತಿದ್ದರು. ಅದರ ಬೀಗದ ಕೈ ಮಾವನಿಂದ ಸೊಸೆಗೆ ಬಂದಿತ್ತು. ಊರವರ ಬಾಯಲ್ಲಿ ಅವಳು ಕೀಲಿಯಕ್ಕ. ಕೋಣೆ ಗುಡಿಸುವುದು, ನೀರಿಡುವುದು, ತುಕ್ಕು ಹಿಡಿಯದಂತೆ ವರ್ಷವರ್ಷವೂ ಬಾಗಿಲಿನ ಕಬ್ಬಿಣಕ್ಕೆ ಡಾಂಬರು ಬಳಿಯುವುದು ಅವಳ ಕೆಲಸ. ಒಳಗೆ ಯಾರೂ ಇಲ್ಲದ ಮಧ್ಯಾಹ್ನ ಅಲ್ಲೇ ತಂಪು ನೆಲಕ್ಕೆ ಒರಗುತ್ತಿದ್ದಳು. ಗವಾಕ್ಷಿಯ ಬೆಳಕು ಗೋಡೆಯ ಮೇಲೆ ತೆವಳುವುದನ್ನು ನೋಡುತ್ತ, ಎಚ್ಚರವೋ ನಿದ್ದೆಯೋ ತಿಳಿಯದೆ ತೇಲುತ್ತಿದ್ದಳು.

ಬಾಗಿಲಿನ ಗುಟ್ಟನ್ನು ಅವಳಿಗೆ ಹೇಳಿದ್ದು ಮಾವ. ಅದನ್ನು ಕೂರಿಸಿದ ಬಡಗಿ ಮಹಾಶಯ ಕೀಲುಗಳನ್ನು ಒಳಬದಿಗೆ ಹಾಕಿಬಿಟ್ಟಿದ್ದ. ಒಳಗಿದ್ದವನು ಕದವನ್ನು ಮೇಲಕ್ಕೆತ್ತಿದರೆ ಸಾಕು, ಕಳಚಿ ಕೈಗೆ ಬರುತ್ತದೆ. ಬೀಗ ಮಾತ್ರ ಹೊರಗೆ ಗಂಭೀರವಾಗಿ ನೇತಾಡುತ್ತಿರುತ್ತದೆ!

ಒಂದು ದಿನ ಅವಳ ಒಡಹುಟ್ಟಿದ ತಮ್ಮನೇ ಒಳಗೆ ಬಂದ. ಹೊಡೆಯಲು ಬಂದ ಗಿರಣಿ ಯಜಮಾನನಿಗೆ ತಿರುಗಿ ಹೊಡೆದು ಅವನ ಕೈ ಮುರಿದಿದ್ದ. ಸಂಜೆ ಗಾಡಿ ಬಂದು ಅವನನ್ನು ದೂರದ ದೊಡ್ಡ ಜೈಲಿಗೆ ಒಯ್ಯಲಿತ್ತು. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ಊರು ಕಂಡಿರಲಿಲ್ಲ. ತಮ್ಮನನ್ನು ಹಿಡಿದು ತಂದ ಕಾವಲುಗಾರ ಅಕ್ಕನನ್ನು ನಂಬದೆ ಬೀಗದ ಕೈಯನ್ನೂ ಕಿತ್ತುಕೊಂಡು ಹೋಗಿದ್ದ.

ಅವಳು ಬಾಗಿಲಿಗೆ ಬಾಯಿಟ್ಟು ಪಿಸುಗುಟ್ಟಿದಳು: "ಲೋ, ಕದ ಮೇಲಕ್ಕೆತ್ತು, ಕಳಚ್ಕೊಳ್ಳುತ್ತೆ. ಹಿಂದಿನ ಹೊಲ ದಾಟಿ ಓಡಿಹೋಗು."

ಒಳಗೆ ಬಹಳ ಹೊತ್ತು ಏನೋ ಸದ್ದು. ಆಮೇಲೆ ನಗು.

"ಬೇಡಕ್ಕ. ನಾನು ಓಡಿದ್ರೆ ನಿನ್ನನ್ನ ಒಳಗೆ ಹಾಕ್ತಾರೆ. ಮಕ್ಕಳಿಗೆ ಊಟ ಹಾಕೋರ್ಯಾರು? ಇಲ್ಲಿ ಎಷ್ಟು ತಂಪಾಗಿದೆ ಗೊತ್ತಾ, ನಿದ್ದೆ ಬರ್ತಿದೆ ಬಿಡು."

ಗಾಡಿ ಬಂತು, ಹೋಯಿತು. 'ಪೆದ್ದ! ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ?' ಎಂದು ಬೈದುಕೊಳ್ಳುತ್ತಲೇ ಮರುದಿನ ಗುಡಿಸಲು ಹೋದಳು. ಕೀಲುಗಳ ಸುತ್ತ ಉಗುರಿನಿಂದ ಕೆರೆದ ಗುರುತು, ಒಣಗಿದ ರಕ್ತ. ಭುಜ ಕೊಟ್ಟು ಎತ್ತಿ ನೋಡಿದಳು. ಕದ ಮಿಸುಕಲಿಲ್ಲ. ಅವಳೇ ಬಳಿಯುತ್ತ ಬಂದ ಡಾಂಬರು ಗಟ್ಟಿಯಾಗಿ ಕೀಲನ್ನು ಕಚ್ಚಿ ಹಿಡಿದಿತ್ತು. ಹೋಗಲಾರದೆ ಉಳಿದವನು, ಅಕ್ಕ ಕೊರಗದಿರಲಿ ಎಂದು ತಾನೇ ಒಲ್ಲೆ ಅಂದಿದ್ದ. ಪೊರಕೆ ಹಿಡಿದೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ತಮ್ಮ ತಿರುಗಿ ಬರಲಿಲ್ಲ. ಕೋಣೆಗೆ ಈಗ ಯಾರನ್ನೂ ಹಾಕುವುದಿಲ್ಲ. ತಲೆ ನರೆತ ಕೀಲಿಯಕ್ಕ ಡಾಂಬರನ್ನೆಲ್ಲ ಕೆರೆದು ತೆಗೆದಿದ್ದಾಳೆ, ಕೀಲುಗಳಿಗೆ ತಪ್ಪದೆ ಎಣ್ಣೆ ಬಿಡುತ್ತಾಳೆ. ಈಗಲೂ ಮಧ್ಯಾಹ್ನ ಅಲ್ಲೇ ಒರಗುತ್ತಾಳೆ. ಗೋಡೆಯ ಬೆಳಕು ಬಾಗಿಲ ಹತ್ತಿರ ಬಂದಾಗ ಮಂಪರಿನಲ್ಲೇ ತುಟಿ ಅಲುಗುತ್ತದೆ:

"ಈಗ ಎತ್ತೋ, ಈಗ ಬರುತ್ತೆ."