ಯಾರು ಯಾರಿಗಾಗಿ ಕಾಯ್ತಾ ಅವ್ರೆ

ನಮ್ಮ ಗೈಡ್ ಸಾರ್ ಅವರ ಅಂಗಿಯ ಎಡಜೇಬು ಇಲಿ ನುಂಗಿದ ಹಾವಿನ ಹೊಟ್ಟೆಯ ಹಾಗೆ ಸದಾ ಉಬ್ಬಿಕೊಂಡಿರುತ್ತಿತ್ತು. ಒಳಗಿದ್ದದ್ದು ಹುಣಸೆ ಬೀಜ. ತೊಳೆದು ಒಣಗಿಸಿ, ಅವರ ಅವ್ವ ಸೆರಗಿನಲ್ಲಿ ಉಜ್ಜಿ ಹೊಳಪು ಕೊಟ್ಟ ನಲವತ್ತು ಐವತ್ತು ಬೀಜ. ಅವರು ಮೆಟ್ಟಿಲು ಹತ್ತಿದರೆ ಜೇಬು ಝಲ್ ಝಲ್ ಎನ್ನುತ್ತಿತ್ತು. ವಿದ್ಯಾರ್ಥಿಗಳು 'ಸಲಂಗೈ ವರುದು ಡಾ' ಎಂದು, ಗೆಜ್ಜೆ ಬಂತೆಂದು, ಒಬ್ಬರಿಗೊಬ್ಬರು ಸೂಚನೆ ಕೊಟ್ಟುಕೊಂಡು ಸಿಗರೇಟು ಎಸೆಯುತ್ತಿದ್ದರು. ಕಂಪ್ಯೂಟರ್ ವಿಜ್ಞಾನದ ಇತಿಹಾಸದಲ್ಲಿ ಸಂಶೋಧನೆಯ ಸಕಲ ಸಲಕರಣೆಯನ್ನೂ ಎದೆಯ ಮೇಲೆ ಹೊತ್ತು ತಿರುಗಿದ ವಿದ್ವಾಂಸರು ಇನ್ನೊಬ್ಬರಿದ್ದರೋ ಇಲ್ಲವೋ, ನನ್ನ ಓದು ಅಷ್ಟು ವಿಸ್ತಾರವಾದುದಲ್ಲ.

ತೊಂಬತ್ತರ ದಶಕದ ನಡುಭಾಗ ಅದು. ಸೇಲಂನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಹಿರಿಯ ಅಧ್ಯಾಪಕರು. ನಾನು ಅಲ್ಲೇ ಪಾಠ ಹೇಳಿಕೊಂಡು ಅವರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ್ದೆ. ಮೊದಲ ಭೇಟಿಯಲ್ಲಿ ನಾವಿಬ್ಬರೂ ಬಹಳ ಗಂಭೀರವಾದ ಇಂಗ್ಲಿಷಿನಲ್ಲಿ ಮಾತಾಡಿದೆವು. ನಡುವೆ ಕುರ್ಚಿಯ ಮೊಳೆ ಚುಚ್ಚಿ ನಾನು "ಅಯ್ಯೋ ಅವ್ವಾ" ಎಂದುಬಿಟ್ಟೆ. ಅವರು ಕನ್ನಡಕ ತೆಗೆದರು.

"ಕನ್ನಡದೋನೇನ್ಲಾ ನೀನು? ಮೊದ್ಲೇ ಏಳಾದಲ್ವಾ! ಏನ್ ಮಾಡ್ಬೇಕು ಅಂತಿದ್ದೀಯ?"

"ಡೇಟಾಬೇಸ್ ಸಾರ್."

"ಅದು ಗೋಡೌನ್ ಕೆಲ್ಸ. ಮೂಟೆ ಒಳಕ್ಕಿಡಾದು, ಈಚೆಗೆ ತೆಗ್ಯಾದು. ಮಿಷಿನ್ ಕೈಲಿ ಕತೆ ಏಳ್ಸಾನ ಬಾ."

ಸೇಲಂ ಸೀಮೆಯವರಾದ ಅವರದೂ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಅಂದಿನಿಂದ ಕೆಲಸದ ಹಂಚಿಕೆ ಆಯಿತು. ಹೊಗಳುವುದಕ್ಕೆ ತಮಿಳು, ಕಮಿಟಿಗೆ ಇಂಗ್ಲಿಷ್, ಬೈಯುವುದಕ್ಕೆ ಕನ್ನಡ. ಐದು ವರ್ಷದಲ್ಲಿ ನನ್ನ ಕನ್ನಡ ತುಂಬಾ ಸುಧಾರಿಸಿತು.

ಕಾಲೇಜಿಗೆ ಬರುವ ಮುಂಚೆ ಅವರು ಮೆಟ್ಟೂರಿನ ಒಂದು ಕಾರ್ಖಾನೆಯಲ್ಲಿದ್ದರು. ಯಾವ ತೊಟ್ಟಿಯಿಂದ ಯಾವ ತೊಟ್ಟಿಗೆ ದ್ರವ ಹರಿಯಬೇಕು, ಯಾವ ವಾಲ್ವ್ ತೆರೆಯುವ ಮುನ್ನ ಏನೇನು ಸಿದ್ಧವಿರಬೇಕು ಎಂದು ಕಾಗದದ ಮೇಲೆ ನಕ್ಷೆ ಬರೆಯುವುದು ಅವರ ಉದ್ಯೋಗ. ಹಾಗೆ ಬರೆಯುತ್ತಾ ಒಂದು ದಿನ ಅವರಿಗೆ, ತಮ್ಮ ಅವ್ವ ಹೇಳುವ ಕಥೆಗಳೂ ಹೀಗೇ ಹರಿಯುತ್ತವಲ್ಲ ಅನ್ನಿಸಿತಂತೆ. ಒಳ್ಳೆಯ ಕೆಲಸ ಬಿಟ್ಟು ಮೇಷ್ಟರಾದರು. ನೆಂಟರು ಹೆಣ್ಣು ಕೊಡುವ ಮಾತನ್ನೂ ಅಲ್ಲಿಗೇ ಬಿಟ್ಟರು.

ಅವರ ವಿಧಾನ ಸರಳ. ವರಾಂಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತಗಳು. ಒಂದೊಂದು ವೃತ್ತ ಕಥೆಯ ಒಂದೊಂದು ಸ್ಥಿತಿ: ಆಡು ಬದುಕಿದೆ, ಹುಲಿಗೆ ಹಸಿವಾಗಿದೆ, ರಾಜ ಕಾಡಿನಲ್ಲಿದ್ದಾನೆ. ವೃತ್ತಗಳ ನಡುವೆ ಅಡ್ಡಗೆರೆ, ಅದೇ ಘಟನೆ. ಗೆರೆಯ ಹಿಂದಿನ ವೃತ್ತಗಳಲ್ಲೆಲ್ಲ ಬೀಜ ಬಿದ್ದರೆ ಮಾತ್ರ ಘಟನೆ ನಡೆಯುತ್ತದೆ. ನಡೆದ ಮೇಲೆ ಬೀಜಗಳು ಮುಂದಿನ ವೃತ್ತಕ್ಕೆ ಹೋಗುತ್ತವೆ. ಒಂದು ಬೀಜ ಬರದಿದ್ದರೂ ಉಳಿದವು ಕಾಯುತ್ತಾ ಕೂರಬೇಕು. ಪುಸ್ತಕಗಳಲ್ಲಿ ಇದಕ್ಕೆ ಉದ್ದನೆಯ ಹೆಸರಿದೆ. ಅವರು ಹೇಳುತ್ತಿದ್ದುದು ಇಷ್ಟೇ: "ಕತೆ ಅಂದ್ರೆ ಬ್ಯಾರೆ ಏನಿಲ್ಲ ಕಣ್ಲಾ. ಯಾರು ಯಾರಿಗಾಗಿ ಕಾಯ್ತಾ ಅವ್ರೆ, ಅದು ಗೊತ್ತಾದ್ರೆ ಆಯ್ತು."

ನೆಲದ ಮೇಲೆ ಪಾಸಾದದ್ದನ್ನು ನಾನು ಕಂಪ್ಯೂಟರಿಗೆ ಕೊಡಬೇಕು. ವಿಭಾಗದಲ್ಲಿ ಏರ್ ಕಂಡೀಷನ್ ಹಾಕಿದ ಕೋಣೆ ಅದೊಂದೇ. ಚಪ್ಪಲಿ ಬಿಟ್ಟು, ಕಾಲು ಒರೆಸಿ ಒಳಗೆ ಹೋಗಬೇಕು. ಭಕ್ತರಿಗೆ ವಾರಕ್ಕೆ ಎರಡು ದಿನ ದರ್ಶನ. ದೇವರು ಮನಸ್ಸು ಮಾಡಿದರೆ ಪ್ರಿಂಟರ್ ಕರಕರ ಸದ್ದು ಮಾಡಿ ಇಂಗ್ಲಿಷಿನಲ್ಲಿ ಒಂದು ಕಥೆ ಪ್ರಸಾದಿಸುತ್ತಿತ್ತು. ಗೋಳೆಂದರೆ ಆ ಕಥೆಗಳು ಮುಗಿಯುತ್ತಿರಲಿಲ್ಲ. ರಾಜ ಕಾಡಿಗೆ ಹೋದ, ಊರಿಗೆ ಬಂದ, ಕಾಡಿಗೆ ಹೋದ, ಊರಿಗೆ ಬಂದ. ಕಾಗದ ಮುಗಿದಾಗ ಕಥೆ ಮುಗಿಯುತ್ತಿತ್ತು.

ಮೊದಲ ಬಾರಿ ಒಂದು ಕಥೆ ನೆಟ್ಟಗೆ ಬಂದಂತೆ ಕಂಡಾಗ ಅವರು ನನ್ನನ್ನು ತಮ್ಮ ಊರು ಮೇಚೇರಿಗೆ ಕರೆದೊಯ್ದರು. ಅಲ್ಲಿ ಅವರ ಅವ್ವ ಆಡು ಸಾಕಿಕೊಂಡಿದ್ದರು. ಸಂತೆಯ ದಿನ. ಎರಡು ಆಡು ಮಾರದೆ ವಾಪಸು ಹೊಡೆದುಕೊಂಡು ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ನಮ್ಮ ಕಡೆ ಕಥೆ ಹೇಳುವಾಗ ಕೇಳುವವರು ಮಾತಿಗೊಂದು 'ಊಂ' ಅನ್ನಬೇಕು. ಅನ್ನದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಗೈಡ್ ಸಾರ್ ಪ್ರಿಂಟ್ ಬಿಡಿಸಿ ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದರು. ಅವ್ವ ಊಂ ಊಂ ಅನ್ನುತ್ತಾ ಬಂದರು. ಹುಲಿ ಆಡನ್ನು ತಿಂದಿತು. ಊಂ. ಹುಲಿ ಮಲಗಿತು. ಊಂ. ರಾಜನಿಗೆ ಬಾಯಾರಿತು. ಊಂ. ಆಡು ರಾಜನಿಗೆ ಹಾಲು ಕೊಟ್ಟಿತು.

ಸದ್ದಿಲ್ಲ.

"ಅವ್ವಾ?"

"ಅದೇ ಆಡಾ?"

"ಊಂ, ಅದೇ."

"ಉಲಿ ಒಟ್ಟೇಲಿರಾ ಆಡು ಆಲು ಕೊಡ್ತಲ್ಲೋ! ಎಲ್ಲಿ ಸಿಕ್ತೋ ನಿನ್ ಮಿಷಿನ್ಗೆ ಇಂತಾ ಆಡು? ಇದ್ರೆ ಏಳು, ಈ ಎಳ್ಡೂ ಕೊಟ್ಟು ಅದ್ನೇ ತಕಂತೀನಿ."

ನಾನು ನಕ್ಕೆ. ಗೈಡ್ ಸಾರ್ ನಗಲಿಲ್ಲ. ಅಲ್ಲೇ ಅಂಗಳದ ಮಣ್ಣಿನಲ್ಲಿ ವೃತ್ತ ಬರೆದು ಬೀಜ ಹರಡಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಒಂದು ಬೀಜವನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮುಖಕ್ಕೆ ಹಿಡಿದರು.

"ಸಾಯಾದು ಅಂದ್ರೆ ಬೀಜ ಎತ್ಕಬೇಕು ಕಣ್ಲಾ. ನೀನು ತಿನ್ಸುದೆ, ಎತ್ಕಳಾದು ಮರ್ತೆ. ಪೊರುಮೈ ಬೇಕು, ಪೊರುಮೈ."

ಪೊರುಮೈ ಎಂದರೆ ತಾಳ್ಮೆ. ಆ ಗುಣದ ಮಾತು ಬಂದರೆ ಮಾತ್ರ ಅವರು ಬೈಗುಳದ ನಡುವೆಯೂ ತಮಿಳಿಗೆ ಹೋಗುತ್ತಿದ್ದರು, ಕನ್ನಡದ ತಾಳ್ಮೆಯ ಮೇಲೆ ಅವರಿಗೆ ಅಷ್ಟು ಭರವಸೆ ಇರಲಿಲ್ಲವೋ ಏನೋ.

ಹಿಂದಿರುಗಿದವರು ಮಾದರಿಯಲ್ಲಿ ಹೊಸದೊಂದು ವೃತ್ತ ಸೇರಿಸಿದರು: ಕೇಳುವವರ ಊಂ. ಆ ಬೀಜ ಬೀಳದೆ ಯಾವ ಘಟನೆಯೂ ಮುಂದೆ ಹೋಗುವಂತಿಲ್ಲ. ಕಮಿಟಿಯಲ್ಲಿ ಒಬ್ಬ ಹಿರಿಯರು ಇದಕ್ಕೆ ಆಧಾರಗ್ರಂಥ ಯಾವುದೆಂದು ಕೇಳಿದರು. "ಮೈ ಮದರ್, ಸರ್" ಎಂದರು ನಮ್ಮವರು. ಆ ಹಿರಿಯರು ಬರೆದುಕೊಂಡು, ಯಾವ ವರ್ಷದ ಪ್ರಕಟಣೆ ಎಂದು ಕೇಳಿದರು.

ಐದು ಅಧ್ಯಾಯ ಹೀಗೆ ಆದವು. ಆರನೆಯದು ಬಾಕಿ: ಕಥೆ ಮುಗಿಯಿತೆಂದು ಯಂತ್ರಕ್ಕೆ ತಿಳಿಯುವುದು ಹೇಗೆ. ಅದನ್ನು ನಾನು ಒಬ್ಬನೇ ಬರೆಯಬೇಕಾಯಿತು, ಏಕೆಂದರೆ ಅಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು. "ಎದೇಲಿ ಒಂದು ವಾಲ್ವು ಸರಿಗೆ ಮುಚ್ಕಳ್ತಾ ಇಲ್ವಂತೆ. ಜೀವ್ಮಾನೆಲ್ಲಾ ವಾಲ್ವ್ ನಕ್ಷೆ ಬರ್ದೆ, ಇದೊಂದು ಬಿಟ್ಟೋಗಿತ್ತು" ಎಂದರು. ರಜೆ ಹಾಕಿ ಮೆಟ್ಟೂರಿನ ತಂಗಿಯ ಮನೆಗೆ ಹೋದರು. ಅವ್ವನೂ ಆಡುಗಳನ್ನು ಮಾರಿ ಅಲ್ಲಿಗೇ ಬಂದರು.

ಕರಡು ಪೂರ್ತಿ ಟೈಪ್ ಮಾಡಿಸಿ ಒಯ್ದು ಅವರ ಮಂಚದ ಮೇಲಿಟ್ಟೆ. ನನ್ನ ಅವಧಿ ಆ ತಿಂಗಳಿಗೆ ಮುಗಿಯುತ್ತಿತ್ತು. ಗೈಡ್ ಸಹಿ ಇಲ್ಲದೆ ಪ್ರಬಂಧ ಒಪ್ಪಿಸುವ ಹಾಗಿರಲಿಲ್ಲ. ಸಹಿಯ ಹಾಳೆಯನ್ನು ಮೇಲ್ಗಡೆಯೇ ಇಟ್ಟಿದ್ದೆ. ಅವರ ತಂಗಿ, ಪಾಪ, ನನ್ನ ಮುಖ ನೋಡಿ, "ಅಣ್ಣಾ, ಒಂದು ಸೈ ತಾನೆ, ಆಕ್ಬುಡಿ" ಎಂದರು.

"ಓದ್ದೆ ಆಕಾಕಿಲ್ಲಮ್ಮಿ." ಸಹಿಯ ಹಾಳೆ ತೆಗೆದು ನನ್ನ ಕೈಗೆ ವಾಪಸು ಕೊಟ್ಟರು. "ಇದ್ನ ನೀನೇ ಮಡೀಕ. ಎದ್ರಿಗಿದ್ರೆ ಕೈ ಬಂದ್ಬುಡ್ತದೆ. ದಿನಕ್ಕೆ ಐದು ಪುಟ ಆಯ್ತದೆ. ಆರ್ನೇದು ನೋಡ್ಬೇಕು ನಾನು. ನೋಡ್ದೆ ಎಲ್ಲಿಗೂ ಓಗಾಕಿಲ್ಲ."

ಮೂರು ವಾರ ಬಿಟ್ಟು, ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಕಾಲೇಜಿನ ಎದುರಿನ ಎಸ್‌ಟಿಡಿ ಬೂತಿನಿಂದ ಅವರ ಪಕ್ಕದ ಮನೆಗೆ ಫೋನ್ ಮಾಡಿದೆ. ಅದೃಷ್ಟವೋ ಏನೋ, ತಂಗಿಯೇ ಎತ್ತಿದರು. ಲೈನಿನಲ್ಲಿ ಕೊರಕೊರ ಸದ್ದು. ನಾನು ಕೂಗಿದೆ:

"ಅಕ್ಕಾ, ನಾನು, ಸೇಲಂನಿಂದ. ಸಾರು ಓದುದ್ರಾ?"

"ಊಂ. ಓದ್ರು. ಬೆಳಿಗ್ಗೆ ಆರು ಗಂಟೇಲಿ."

"ಪೂರ್ತಿನಾ? ಕಡೇಗಂಟ?"

"ಕಡೇಗಂಟ ನೆಪ್ಪು ಸೆನ್ನಾಗಿತ್ತು."

"ಏನಾದ್ರೂ ಅಂದ್ರಾ?"

"ಏನೂ ಅನ್ಲಿಲ್ಲ. ಸುಮ್ಗೆ ಓದ್ರು. ನೀವು ಬನ್ನಿ."

ಸುಮ್ಮನೆ ಓದಿದರು! ಒಂದು ತಪ್ಪೂ ಹೇಳದೆ! ಐದು ವರ್ಷದಲ್ಲಿ ಅವರಿಂದ ಅಂಥ ಪ್ರಶಸ್ತಿ ನನಗೆ ಬಂದಿರಲಿಲ್ಲ. ಅರ್ಧ ಕೆಜಿ ಮೈಸೂರು ಪಾಕು ಕಟ್ಟಿಸಿ ಮೆಟ್ಟೂರು ಬಸ್ ಹತ್ತಿದೆ. ಚೀಲದಲ್ಲಿ ಸಹಿಯ ಹಾಳೆ, ಹೊಸ ಪೆನ್ನು. ದಾರಿಯುದ್ದಕ್ಕೂ ಪಕ್ಕದವರಿಗೆ, ನನಗೆ ಡಾಕ್ಟರೇಟ್ ಆಗುತ್ತಿದೆ ಎಂದು ಹೇಳಿದೆ. ಅವರು ತಮ್ಮ ಮೊಣಕಾಲು ನೋವಿಗೆ ಏನು ಹಚ್ಚಬೇಕೆಂದು ಕೇಳಿದರು.

ಬೀದಿಯ ತಿರುವಿನಲ್ಲೇ ಬಿದಿರು ಕಾಣಿಸಿತು. ಇಬ್ಬರು ಹಗ್ಗ ಬಿಗಿಯುತ್ತಿದ್ದರು. ಮನೆಯ ಮುಂದೆ ಬಾಡಿಗೆ ಕುರ್ಚಿಗಳು, ಕೂತವರೆಲ್ಲ ನನ್ನ ಕೈಯಲ್ಲಿದ್ದ ಸ್ವೀಟಿನ ಡಬ್ಬ ನೋಡಿದರು. ಯಾರೋ ಒಬ್ಬರು ಎದ್ದು ಬಂದು ಅದನ್ನು ಮೆಲ್ಲಗೆ ಬಿಡಿಸಿಕೊಂಡು ಕಾಂಪೌಂಡಿನ ಮೇಲಿಟ್ಟರು.

ನಮ್ಮ ಕಡೆಯವರ ನಾಲಿಗೆಯಲ್ಲಿ ಹಕಾರ ನಿಲ್ಲುವುದಿಲ್ಲ. ಹೋದರು ಎಂದರೂ ಓದ್ರು. ಓದಿದರು ಎಂಬುದನ್ನು ಗಡಿಬಿಡಿಯಲ್ಲಿ ಅಂದರೂ ಓದ್ರು. ಹುಟ್ಟಿದಾಗಿನಿಂದ ಅದೇ ಮಾತು ಆಡಿದ ನನಗೆ, ಆವತ್ತು ನನಗೆ ಬೇಕಾದದ್ದು ಮಾತ್ರ ಕೇಳಿಸಿತ್ತು.

ಒಳಗೆ ಅವರನ್ನು ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ಅವ್ವ, ಮಗನ ಹಣೆಯ ಮೇಲೆ ಕೈಯಿಟ್ಟು, ಅಳದೆ ಕೂತಿದ್ದರು. ತಂಗಿ ಕರಡನ್ನು ತಂದುಕೊಟ್ಟರು. "ನೆನ್ನೆ ಸಾಯಂಕಾಲ್ದವರ್ಗೂ ನೋಡ್ತಾ ಇದ್ರು" ಎಂದರು. ಪ್ರತಿ ಪುಟದಲ್ಲೂ ಪೆನ್ಸಿಲ್ ಗುರುತು, ಅಂಚಿನಲ್ಲಿ ಕಮಿಟಿಗೆ ತಕ್ಕ ಇಂಗ್ಲಿಷ್. ಬರಬರುತ್ತಾ ಅಕ್ಷರ ಸೊಟ್ಟಗಾಗುತ್ತಾ ಹೋಗಿತ್ತು. ಐದನೆಯ ಅಧ್ಯಾಯದ ಕೊನೆಯ ಸಾಲಿನ ಪಕ್ಕದಲ್ಲಿ ಒಂದೇ ಮಾತು. ಕನ್ನಡದ ಮಾತು, ತಮಿಳು ಲಿಪಿಯಲ್ಲಿ. ಕನ್ನಡ ಅಕ್ಷರವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಅದರಾಚೆಗಿನ ಪುಟಗಳು ಟೈಪ್ ಮಾಡಿಸಿದಾಗಿನಷ್ಟೇ ಹೊಸದಾಗಿದ್ದವು.

"ಏನ್ ಬರ್ದವ್ನಪ್ಪಾ?" ಎಂದರು ಅವ್ವ.

"ಆಮೇಕೆ? ಅಂತ ಬರ್ದವ್ರೆ ಅವ್ವಾ."

ಅವ್ವ ಮಗನ ಮುಖ ನೋಡಿದರು, ನನ್ನನ್ನು ನೋಡಿದರು.

"ಕೇಳವ್ನಲ್ಲಪ್ಪಾ. ಏಳು ಮತ್ತೆ."

ನಾನು ಚಾಪೆಯ ಪಕ್ಕ ಕೂತೆ. ಇಂಗ್ಲಿಷಿನಲ್ಲಿ ನಲವತ್ತು ಪುಟ ಹಿಡಿದ ಆರನೆಯ ಅಧ್ಯಾಯ ನಮ್ಮ ಮಾತಿನಲ್ಲಿ ನಾಲ್ಕು ಸಾಲಿಗೇ ಬಂದು ನಿಂತಿತು. "ಎಲ್ಲಾ ಬೀಜಾನೂ ಎಲ್ಲಿಗೆ ಸೇರ್ಬೇಕೋ ಅಲ್ಲಿಗೆ ಸೇರ್ಕತವೆ ಸಾರ್. ಯಾರೂ ಯಾರ್ಗೂ ಕಾಯ್ತಾ ಇರಾದಿಲ್ಲ. ಅಲ್ಲಿಗೆ ಕತೆ ಮುಗೀತು. ಆಮೇಕೆ ಏನೂ ಇಲ್ಲ."

ಹೊರಗಿನವರು ಹೊತ್ತಾಯಿತೆಂದು ಒಳಗೆ ಬಂದರು.

ಕಾವೇರಿಯಲ್ಲಿ ಮುಳುಗಿ ನಾವು ಗಂಡಸರು ವಾಪಸು ಬಂದಾಗ ಬಿಸಿಲು ಇಳಿದಿತ್ತು. ಅವ್ವ ಹೊಸಿಲಿನ ಮೇಲೆ ಕೂತಿದ್ದರು, ಮಗನನ್ನು ಹೊತ್ತೊಯ್ದ ಕಡೆಗೆ ಮುಖಮಾಡಿ. ಮಗಳು ಬಂದು ಭುಜ ಮುಟ್ಟಿದರು.

"ಒಳಕ್ಕೆ ಬಾ ಅವ್ವಾ."

"ಇರಮ್ಮಿ," ಎಂದರು. "ಬರ್ಲಿ."

ಬೇರೊಬ್ಬರ ಸಹಿಯಿಂದ ನನಗೆ ಡಾಕ್ಟರೇಟ್ ಬಂತು. ಆರನೆಯ ಅಧ್ಯಾಯವನ್ನು ನಾನು ತಿದ್ದಲಿಲ್ಲ. ತಪ್ಪೆಂದು ಆ ಹೊಸಿಲಿನ ಮುಂದೆಯೇ ಗೊತ್ತಾಗಿತ್ತು, ಹೇಗೆ ತಿದ್ದಬೇಕೆಂದು ಗೊತ್ತಿರಲಿಲ್ಲ. ಪರೀಕ್ಷಕರಿಬ್ಬರೂ ಅದೇ ಅಧ್ಯಾಯವನ್ನು ಬಹಳ ಮೆಚ್ಚಿ ಬರೆದರು. ಓದಿ ತಪ್ಪು ಹಿಡಿಯಬಲ್ಲವರು ಒಬ್ಬರಿದ್ದರು. ಅವರು ಹೋಗಿಬಿಟ್ಟಿದ್ದರು.