ಮುಚ್ಚಳ ಎತ್ತದ ಮೋತಿಬಾಯಿ

ಬೆಳಗಿನ ಆರೂವರೆ. ಮುಂಡಗೋಡದ ಬಸ್‌ಸ್ಟ್ಯಾಂಡ್ ಎದುರಿನ ಕಟ್ಟೆಯ ಮೇಲೆ ಮೋತಿಬಾಯಿ ಇನ್ನೂ ಬೀಗ ರಿಪೇರಿಯ ಪೆಟ್ಟಿಗೆ ಬಿಚ್ಚಿಲ್ಲ, ಹಾಲಿನ ಪರಸಪ್ಪ ಸ್ಕೂಟರ್ ತಂದು ನಿಲ್ಲಿಸುತ್ತಾನೆ. ಸೀಟಿನ ಕೆಳಗಿನ ಡಿಕ್ಕಿ ಬಿಗಿದುಕೊಂಡಿದೆ, ಚಾವಿ ತಿರುಗುತ್ತಿಲ್ಲ.

"ಸುತ್ತಿಗಿ ತಗೋ ಮೋತಕ್ಕ, ಹೊತ್ತಾತು."

"ಸುತ್ತಿಗಿ ನಿನ್ನ ತಲಿಗೆ ಬೇಕು. ಸೀಟಿನ ಮ್ಯಾಲ ಕುಂಡ್ರು."

ಅವನು ಕೂತ ಭಾರಕ್ಕೆ ಒಳಗಿನ ಕೊಂಡಿ ಸಡಿಲವಾಗುತ್ತದೆ. ಆಕೆ ಪೆನ್ಸಿಲ್ಲಿನ ಸೀಸ ಕೆರೆದು, ಕರಿ ಪುಡಿಯನ್ನು ಬೀಗದ ಬಾಯಿಗೆ ಊದಿ, ಚಾವಿಯನ್ನು ಮೆಲ್ಲಗೆ ಅಲ್ಲಾಡಿಸುತ್ತಾಳೆ. ಟಕ್. ಆದರೆ ಮುಚ್ಚಳ ಎತ್ತುವುದಿಲ್ಲ. ಬೆನ್ನು ತಿರುಗಿಸಿ ನಿಲ್ಲುತ್ತಾಳೆ.

"ಇಳಿ. ನಿಂದು ನೀನ ತಗಿ."

ಐವತ್ತೆರಡರ ಮೋತಿಬಾಯಿಗೆ ಈ ಕೆಲಸ ಕಲಿಸಿದವನು ಗಂಡ ಠಾಕಪ್ಪ. ಅವನ ಕೈ ನಡುಗತೊಡಗಿದ ಮೇಲೆ, ಒಂಬತ್ತು ವರ್ಷದಿಂದ, ಪೆಟ್ಟಿಗೆ ಆಕೆಯದು. ದಿನಕ್ಕೆ ಐದಾರು ಗಾಡಿ. ತುಕ್ಕು ಹಿಡಿಯುವ ಮಳೆಗಾಲದಲ್ಲಿ ಹತ್ತು ದಾಟುತ್ತವೆ. ಟಿಬೆಟನ್ ಕ್ಯಾಂಪಿನ ಭಿಕ್ಷುಗಳೂ ಬರುತ್ತಾರೆ. ಮೊದಮೊದಲು "ಹೆಣ್ಣಮಗಳು, ಕೀಲಿ ಕೆಡಸಿಟ್ಟಾಳು" ಎಂದು ಹಿಂದೆ ಸರಿದವರೇ ಹೆಚ್ಚು. ಅದಕ್ಕೇ ಚಕಚಕನೆ ತೆಗೆದು ತೋರಿಸುವ ಹುರುಪು ಆಕೆಗೆ.

ಆ ಹುರುಪಿನಲ್ಲೇ ಆರು ವರ್ಷದ ಹಿಂದೆ ಆಕೆ ಎಡವಿದಳು. ಮಳಗಿ ಕಡೆಯವನೊಬ್ಬ ಹೆಂಡತಿಯ ಸ್ಕೂಟರ್ ತಂದಿದ್ದ. ಡಿಕ್ಕಿಯ ಚಾವಿ ಕಳೆದಿದೆ ಎಂದ. ಎರಡೇ ನಿಮಿಷದಲ್ಲಿ ಬೀಗ ಬಿಡಿಸಿ, ತಾನೇ ಮುಚ್ಚಳ ಎತ್ತಿದಳು. ಒಳಗೆ ಎರಡು ಸೀರೆ, ಒಂದು ಪುಟ್ಟ ಫ್ರಾಕು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಅಂಕಪಟ್ಟಿ.

"ಅಕ್ಕಾರು ತವರಿಗೆ ಹೊಂಟಾರೇನ್ರಿ?" ಎಂದು ನಕ್ಕಿದ್ದಳು ಮೋತಿಬಾಯಿ.

"ಎಲ್ಲಿಗೂ ಹೋಗೂದಿಲ್ಲ," ಎಂದು ಅವನು ಎಲ್ಲವನ್ನೂ ಗಂಟು ಕಟ್ಟಿಕೊಂಡು ಹೋದ.

ಹತ್ತು ದಿನಕ್ಕೆ ಆ ಹೆಂಗಸೇ ಬಂದಳು. ಡಿಕ್ಕಿಗೆ ಬೀಗವೇ ಬೇಡ ಎಂದು ಗಂಡ ಹೇಳಿದ್ದಾನೆ, ಕಿತ್ತು ಕೊಡಿ ಎಂದಳು. ಮೋತಿಬಾಯಿ ಹಿಂಜರಿದಾಗ ಆಕೆ ಹೇಳಿದ್ದು ಇಷ್ಟೇ: "ಅವತ್ತ ಗೊತ್ತಿಲ್ದ ತಗದ್ರಿ. ಇವತ್ತ ಗೊತ್ತಿದ್ದ ತಗೀರಿ. ಇಲ್ಲಾಂದ್ರ ಮನ್ಯಾಗ ನನಗ ತ್ರಾಸು."

ಐದು ನಿಮಿಷದ ಕೆಲಸಕ್ಕೆ ಮೋತಿಬಾಯಿ ಅರ್ಧ ತಾಸು ಹಿಡಿದಳು, ಅಷ್ಟರಲ್ಲಿ ಬಾಯಿಗೆ ಏನಾದರೂ ಮಾತು ಬಂದೀತೆಂದು. ಆದರೆ ಹೆಸರು ಕೇಳುವುದೂ ನೆನಪಾಗಲಿಲ್ಲ.

ಈಗ ಯಾರಾದರೂ ಹೆಂಡತಿಯ ಗಾಡಿ ತಂದರೆ, ಆಕೆಯನ್ನೇ ಕರೆದುಕೊಂಡು ಬರಲು ಹೇಳುತ್ತಾಳೆ.

"ಡಿಕ್ಕಿ ತೆಗ್ಯಾಕೂ ಆಕಿ ಅಪ್ಪಣಿ ಬೇಕೇನು?" ಎಂದು ಗಂಡಸರು ಕುಟುಕುತ್ತಾರೆ.

"ಹೌದ್ರಿ, ಬೇಕು."

ಪರಸಪ್ಪ ಹೊರಟ ಮೇಲೆ ಮೋತಿಬಾಯಿ ಪೆಟ್ಟಿಗೆಯ ತಳದಿಂದ ಬಟ್ಟೆಯಲ್ಲಿ ಸುತ್ತಿದ ಬೀಗವೊಂದನ್ನು ತೆಗೆಯುತ್ತಾಳೆ. ಅದು ಅಂದು ಕಿತ್ತದ್ದು. ಆಮೇಲೆ ತಾನೇ ಅದಕ್ಕೊಂದು ಚಾವಿ ಕಡೆದಿದ್ದಾಳೆ. ತುಕ್ಕು ಹಿಡಿಯದಂತೆ ದಿನಾ ಒಮ್ಮೆ ತಿರುಗಿಸಿ ನೋಡಿ, ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾಳೆ:

"ಆಕಿ ಮಾರಿ ಮರ್ತೇನಿ, ಖರೇ. ಆದ್ರ ಈ ಕೀಲಿ ಆಕೀದು. ಬಂದ್ಲಂದ್ರ ಐದ ನಿಮಿಷದಾಗ ಕೂಡಸಿ ಕೊಡ್ತೇನಿ. ಚಾವಿ ಇರೂದು ಒಂದ. ಅದನ್ನ ಆಕೀ ಕೈಯಾಗ ಇಡ್ತೇನಿ."